ಆರಿದ ಬೀಡಿಯ ಉಳಿದ ಹೊಗೆ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಲೇಬೇಕೆಂದು ಊಹಿಸುವುದು ನಮ್ಮ ಹಿಂದಿನವರು ತರ್ಕಶಾಸ್ತ್ರದಲ್ಲಿ ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲೊಂದು. ಬೆಂಕಿಯಿಲ್ಲದೆ ಹೊಗೆಯಾಡದೆಂಬ ಗಾದೆಯೂ ಇದನ್ನೇ ಸಾರುತ್ತದೆ. ಆದರೆ ಬೆಂಕಿ ಆರಿದೊಡನೆ ಹೊಗೆಯೂ ಇಲ್ಲವಾಗುತ್ತದೆಂದು ಯಾವ ತರ್ಕವೂ ಹೇಳಿಲ್ಲ, ಯಾವ ಗಾದೆಯೂ ಹೇಳಿಲ್ಲ. ಅದು ನಾವಾಗಿಯೇ ಮಾಡಿಕೊಂಡಿರುವ ಅನುಕೂಲದ ನಂಬಿಕೆ. ಬೀಡಿಯ ತುಂಡನ್ನು ಕಾಲಿನಿಂದ ಹೊಸಕಿ, ಬಾಯಿ ಮುಕ್ಕಳಿಸಿ ಮನೆಯೊಳಕ್ಕೆ ಬಂದವನು ಹೊಗೆಯನ್ನು ಹೊಸ್ತಿಲಾಚೆಯೇ ಬಿಟ್ಟು ಬಂದೆನೆಂದು ತಿಳಿಯುತ್ತಾನೆ. ಅದಾದರೋ ಅವನ ಅಂಗಿಯಲ್ಲಿ, ಕೂದಲಲ್ಲಿ, ಉಸಿರಿನಲ್ಲಿ ಅವನೊಡನೆಯೇ ಒಳಗೆ ಬಂದಿರುತ್ತದೆ. ಆರೋಗ್ಯವಂತನಿಗೆ ಅದು ಬರಿಯ ವಾಸನೆ. ಶ್ವಾಸಕೋಶದ ಬೇನೆಯುಳ್ಳವನಿಗೆ ಅದೇ ಕೆಮ್ಮು, ಅದೇ ಏದುಸಿರು, ಅದೇ ಒಂದು ರಾತ್ರಿಯ ನಿದ್ದೆಯ ನಷ್ಟ.

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಇಂತಹ ವಿಷಯವನ್ನೆತ್ತುವುದು ಉಚಿತವೇ ಎಂದು ಕೆಲವರಿಗೆ ಅನ್ನಿಸಬಹುದು. ವಿದ್ಯಾರ್ಥಿಮಿತ್ರರೇ, ನಿಮಗಿಂತ ಹೆಚ್ಚಾಗಿ ಇದು ಯಾರಿಗೆ ಸಂಬಂಧಿಸಿದ್ದು? ಈ ಮುಂಬಯಿಯಲ್ಲಿ ನಿಮ್ಮಲ್ಲಿ ಬಹುಮಂದಿ ವಾಸಿಸುವುದು ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಖೋಲಿಗಳಲ್ಲಿ. ಅಡಿಗೆ ಅಲ್ಲಿಯೇ, ಊಟ ಅಲ್ಲಿಯೇ, ಪಾಠ ಅಲ್ಲಿಯೇ, ಐದಾರು ಜನರ ನಿದ್ದೆಯೂ ಅಲ್ಲಿಯೇ. ಊರಿನ ಮನೆಯಲ್ಲಾದರೆ ಹಿತ್ತಿಲಿತ್ತು, ಜಗಲಿಯಿತ್ತು, ಬಯಲಿತ್ತು. ಅಜ್ಜನ ಬೀಡಿಯ ಹೊಗೆಗೆ ಹೋಗಲು ಎಡೆಯಿತ್ತು. ಇಲ್ಲಿ ಒಬ್ಬನು ಬಿಟ್ಟ ಉಸಿರನ್ನು ಮತ್ತೊಬ್ಬನು ಸೇವಿಸದೆ ಗತಿಯಿಲ್ಲ. ಆದುದರಿಂದ ಊರಿನಲ್ಲಿ ಚಟವೆನಿಸಿಕೊಂಡದ್ದು ಇಲ್ಲಿ ನೆರೆಹೊರೆಯ ಪ್ರಶ್ನೆಯಾಗುತ್ತದೆ.

ಮೊದಲು ರೋಗಿಯ ಸ್ಥಿತಿಯನ್ನು ಅರಿತುಕೊಳ್ಳೋಣ. ಮನುಷ್ಯನು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ೧೨ರಿಂದ ೨೦ ಸಲ ಉಸಿರಾಡುತ್ತಾನೆ. ದಿನವೊಂದಕ್ಕೆ ಲೆಕ್ಕ ಹಾಕಿದರೆ ಸುಮಾರು ೨೦,೦೦೦ ಸಲ. ಆ ಗಾಳಿಯು ಕವಲೊಡೆಯುತ್ತ ಹೋಗುವ ಶ್ವಾಸನಾಳಗಳ ಮೂಲಕ ಕೋಟ್ಯಂತರ ಪುಟ್ಟ ವಾಯುಕೋಶಗಳನ್ನು ಸೇರುತ್ತದೆ. ನಾಳಗಳ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳಿದ್ದು, ಅವು ಹಗಲಿರುಳೂ ಕಸಬರಿಗೆಯಂತೆ ಧೂಳನ್ನೂ ಕಫವನ್ನೂ ಮೇಲಕ್ಕೆ ತಳ್ಳುತ್ತಿರುತ್ತವೆ. ತಂಬಾಕಿನ ಹೊಗೆ ಮೊದಲು ಕೆಡಿಸುವುದು ಈ ಕಸಬರಿಗೆಯನ್ನೇ. ಕಸ ಗುಡಿಸುವವರಿಲ್ಲದ ಓಣಿಯಂತೆ ನಾಳಗಳಲ್ಲಿ ಕಫ ನಿಲ್ಲುತ್ತದೆ. ನಿಂತಲ್ಲಿ ಸೋಂಕು ಸೇರುತ್ತದೆ. ಸೋಂಕಿನಿಂದ ನಾಳ ಇನ್ನಷ್ಟು ಕೆಡುತ್ತದೆ. ಹೀಗೆ ವರ್ಷಗಟ್ಟಲೆ ಬಿಡದೆ ಕಾಡುವ ರೋಗಗಳು ಹಲವು. ಅವುಗಳಲ್ಲಿ ವೈದ್ಯರು ಸಿ.ಒ.ಪಿ.ಡಿ. ಎಂದು ಕರೆಯುವ, ಶ್ವಾಸನಾಳಗಳು ಸಂಕುಚಿತವಾಗುವ ರೋಗವೊಂದರಿಂದಲೇ ೨೦೨೧ರಲ್ಲಿ ಜಗತ್ತಿನಲ್ಲಿ ಸುಮಾರು ೩೫ ಲಕ್ಷ ಜನ ಮಡಿದರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಇಂತಹ ರೋಗವುಳ್ಳವರೆಲ್ಲರೂ ಬೀಡಿ ಸಿಗರೇಟು ಸೇದಿ ಅದನ್ನು ತಂದುಕೊಂಡವರೆಂದು ಬಗೆಯಬಾರದು. ಸೌದೆಯ ಒಲೆಯ ಮುಂದೆ ನಲವತ್ತು ವರ್ಷ ಕುಳಿತ ತಾಯಂದಿರಿಗೆ ಇದು ಬಂದಿದೆ. ಗಿರಣಿಯ ಹತ್ತಿಯ ಧೂಳನ್ನು ಕುಡಿದ ಕಾರ್ಮಿಕರ ಎದೆಯೂ ಕೆಟ್ಟಿದೆ. ಹುಟ್ಟಿದಂದಿನಿಂದ ಗೂರಲಿನಿಂದ ನರಳುವ ಮಕ್ಕಳಿದ್ದಾರೆ. ನನ್ನ ಮಾತನ್ನೇ ಹೇಳುವುದಾದರೆ, ಹತ್ತನೆಯ ತರಗತಿ ಮುಗಿದ ವರ್ಷ ನನಗೆ ಕ್ಷಯ ತಗಲಿತು. ಆರು ತಿಂಗಳು ತಪ್ಪದೆ ಔಷಧ ಸೇವಿಸಿದ್ದರಿಂದ ಕ್ಷಯವೇನೋ ಗುಣವಾಯಿತು. ಆದರೆ ಎಡ ಶ್ವಾಸಕೋಶದ ಕೆಳಭಾಗದಲ್ಲಿ ನಾಳಗಳು ಹಿಗ್ಗಿಹೋದವು. ಇದಕ್ಕೆ ಬ್ರಾಂಕಿಯೆಕ್ಟಾಸಿಸ್ ಎಂದು ಹೆಸರು. ಹಿಗ್ಗಿದ ನಾಳ ಮತ್ತೆ ಮೊದಲಿನಂತಾಗದು. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೆ ಜನ್ಮವಿಡೀ ಜೊತೆಯಲ್ಲಿರುವ ರೋಗ. ಪ್ರತಿದಿನ ಬೆಳಿಗ್ಗೆ ಕಫವನ್ನು ಹೊರಹಾಕುವ ವ್ಯಾಯಾಮ, ಉಸಿರಿನ ಔಷಧದ ಪಂಪು, ಮಳೆಗಾಲದಲ್ಲಿ ಇಮ್ಮಡಿ ಎಚ್ಚರಿಕೆ, ಇವು ನನ್ನ ದಿನಚರಿ. ಇವನ್ನು ಕಷ್ಟವೆಂದು ನಾನು ಹೇಳುವುದಿಲ್ಲ. ಅಭ್ಯಾಸದಿಂದ ಎಲ್ಲವೂ ಸಾಧ್ಯ. ಔಷಧದಿಂದ ತೀರದ ಕಷ್ಟ ಬೇರೊಂದುಂಟು. ಅದು ಪಕ್ಕದವರ ಬಟ್ಟೆಯಲ್ಲಿರುವ ಹೊಗೆ.

ಈ ಉಳಿದ ಹೊಗೆ ರೋಗಿಯ ಕಲ್ಪನೆಯಲ್ಲ. ತಂಬಾಕಿನ ದೋಷವನ್ನು ವಿಜ್ಞಾನವು ಒಂದೇ ಸಲಕ್ಕೆ ಕಂಡುಕೊಳ್ಳಲಿಲ್ಲ. ಕೆರೆಗೆ ಕಲ್ಲೆಸೆದಾಗ ಅಲೆಯ ಉಂಗುರಗಳು ಅಗಲವಾಗುವಂತೆ ಅರಿವು ಅಗಲವಾಗುತ್ತ ಬಂದಿತು. ೧೯೫೦ರಲ್ಲಿ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫರ್ಡ್ ಹಿಲ್ ಎಂಬ ಆಂಗ್ಲ ವಿದ್ವಾಂಸರು ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಎತ್ತಿ ತೋರಿಸಿದರು. ೧೯೬೪ರಲ್ಲಿ ಅಮೆರಿಕೆಯ ಸರ್ಕಾರದ ಆರೋಗ್ಯಾಧಿಕಾರಿಯ ವರದಿ ಅದನ್ನು ದೃಢಪಡಿಸಿತು. ಅಲ್ಲಿಯವರೆಗಿನ ಮಾತೆಲ್ಲ ಸೇದುವವನೊಬ್ಬನದೇ. ೧೯೮೧ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಎಂಬುವರು, ತಾವು ಎಂದೂ ಸೇದದಿದ್ದರೂ ಸೇದುವ ಗಂಡಂದಿರೊಡನೆ ಬಾಳಿದ ಹೆಂಡತಿಯರಿಗೆ ಶ್ವಾಸಕೋಶದ ಕ್ಯಾನ್ಸರಿನ ಭಯ ಹೆಚ್ಚೆಂದು ತೋರಿಸಿದಾಗ ಉಂಗುರ ಹೆಂಡತಿಯ ತನಕ ಬಂದಿತು.

ಮೂರನೆಯ ಉಂಗುರವೇ ನಮ್ಮ ವಿಷಯ. ೨೦೦೯ರಲ್ಲಿ ಅಮೆರಿಕೆಯ ಮಕ್ಕಳ ವೈದ್ಯರಾದ ಜೊನಾಥನ್ ವಿನಿಕಾಫ್ ಮತ್ತು ಸಂಗಡಿಗರು, ಸೇದಿ ಮುಗಿದ ಮೇಲೂ ಗೋಡೆ, ಹಾಸಿಗೆ, ಪರದೆ, ಬಟ್ಟೆಗಳಲ್ಲಿ ಉಳಿಯುವ ಶೇಷವನ್ನು 'ಮೂರನೆಯ ಕೈಯ ಹೊಗೆ' ಎಂಬ ಹೆಸರಿನಿಂದ ಲೋಕದ ಗಮನಕ್ಕೆ ತಂದರು. ಮರುವರ್ಷ ಬರ್ಕ್‌ಲಿಯ ಪ್ರಯೋಗಾಲಯದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ಹೊರಗೆಡಹಿದರು. ಮೇಲ್ಮೈಗಳಿಗೆ ಅಂಟಿದ ನಿಕೋಟಿನ್ ಸುಮ್ಮನಿರುವುದಿಲ್ಲ. ಅನಿಲದ ಒಲೆ ಮತ್ತು ಮೋಟಾರುಗಳಿಂದ ಹುಟ್ಟಿ ಗಾಳಿಯಲ್ಲಿ ಸೇರಿರುವ ನೈಟ್ರಸ್ ಆಮ್ಲದೊಡನೆ ಕೂಡಿ, ಕ್ಯಾನ್ಸರಿಗೆ ಕಾರಣವಾಗಬಲ್ಲ ಹೊಸ ವಿಷಗಳನ್ನು ಅದು ಸೃಷ್ಟಿಸುತ್ತದೆ. ಒಂದೇ ಖೋಲಿಯಲ್ಲಿ ಗ್ಯಾಸಿನ ಒಲೆಯೂ ಹಾಸಿಗೆಯೂ ಇರುವ ನಮ್ಮ ಮನೆಗಳನ್ನು ಇಲ್ಲಿ ನೆನೆಯಬೇಕು. ೨೦೧೧ರಲ್ಲಿ ಅಮೆರಿಕೆಯಲ್ಲಿಯೇ ಪ್ರಕಟವಾದ ಮತ್ತೊಂದು ಪರಿಶೀಲನೆಯಲ್ಲಿ, ಸೇದುವವರು ಬಿಟ್ಟುಹೋದ ಮನೆಗಳು ಎರಡು ತಿಂಗಳು ಖಾಲಿ ಬಿದ್ದು, ಶುಚಿಯಾಗಿ, ಸೇದದವರು ವಾಸಕ್ಕೆ ಬಂದ ಮೇಲೂ ಅಲ್ಲಿನ ಧೂಳಿನಲ್ಲಿ ನಿಕೋಟಿನ್ ಇತ್ತು. ಹೊಸಬರ ಬೆರಳುಗಳ ಮೇಲೂ ಇತ್ತು. ೨೦೨೦ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಜರ್ಮನಿಯಲ್ಲಿ ಧೂಮಪಾನ ನಿಷೇಧಿಸಿದ್ದ ಚಿತ್ರಮಂದಿರವೊಂದರ ಗಾಳಿಯನ್ನು ಅಳೆದ ವಿಜ್ಞಾನಿಗಳು ಪ್ರೇಕ್ಷಕರು ಒಳಗೆ ಬರುತ್ತಿದ್ದಂತೆ ತಂಬಾಕಿನ ಹೊಗೆಯ ಅಂಶಗಳು ಏರುವುದನ್ನು ಕಂಡರು. ಒಳಗೆ ಯಾರೂ ಸೇದಿರಲಿಲ್ಲ. ಹೊಗೆ ಬಂದದ್ದು ಬಟ್ಟೆಗಳ ಮೇಲೆ, ಮೈಗಳ ಮೇಲೆ.

ಈ ಶೇಷದಿಂದ ಯಾರಿಗೆ ಎಷ್ಟು ರೋಗ ಬರುವುದೆಂಬ ಲೆಕ್ಕವನ್ನು ಸಂಶೋಧಕರು ಇನ್ನೂ ಹಾಕುತ್ತಿದ್ದಾರೆ. ಆದರೆ ಈಗಾಗಲೇ ರೋಗವಿರುವ ಎದೆಗೆ ಆ ಲೆಕ್ಕ ಮುಗಿಯುವತನಕ ಕಾಯಬೇಕಾದ ಕಾರಣವಿಲ್ಲ. ಬೆಂದ ಚರ್ಮಕ್ಕೆ ಬಿಸಿಲು ತಾಗಿದರೂ ಉರಿಯುವಂತೆ, ನೊಂದ ಶ್ವಾಸನಾಳವು ಅಲ್ಪ ಕಾರಣಕ್ಕೂ ಬಿಗಿದುಕೊಳ್ಳುತ್ತದೆ.

ಕೆಲವು ವರ್ಷಗಳ ಹಿಂದೆ ನಾನು ಒಂದು ಚಾಳಿನಲ್ಲಿ ಖೋಲಿಯನ್ನು ಬಾಡಿಗೆಗೆ ಹಿಡಿದಿದ್ದೆ. ಹಿಂದಿನ ಬಾಡಿಗೆದಾರರು ಬಹಳ ಸೇದುತ್ತಿದ್ದರಂತೆ. ಮಾಲಿಕರು ಹೊಸದಾಗಿ ಬಣ್ಣ ಹೊಡೆಸಿ ಕೊಟ್ಟಿದ್ದರು. ಚೈತ್ರ ವೈಶಾಖಗಳಲ್ಲಿ ಏನೂ ತೋರಲಿಲ್ಲ. ಮಳೆ ಹಿಡಿದು ಗೋಡೆಗಳು ಥಂಡಿಯಾದೊಡನೆ ಹಳೆಯ ಹೊಗೆಯ ಕಮಟು ಬಣ್ಣದ ಹಿಂದಿನಿಂದ ಹೊರಬಂದಿತು. ಮರದ ಕಪಾಟನ್ನು ತೆರೆದರೆ ಸಾಕು, ಎದೆ ಹಿಡಿಯುತ್ತಿತ್ತು. ಶ್ರಾವಣ ಮುಗಿಯುವುದರೊಳಗಾಗಿ ಎರಡು ಸಲ ಜ್ವರ, ಎರಡು ಸಲ ಪ್ರತಿಜೈವಿಕ ಔಷಧ. ಮಾಲಿಕರೊಡನೆ ಅರಿಕೆ ಮಾಡಿಕೊಂಡಾಗ ಅವರು ಗೋಡೆಯನ್ನು ಮೂಸಿ ನೋಡಿ, "ನನಗೇನೂ ಬರುವುದಿಲ್ಲವಲ್ಲ ಮಾಸ್ತರರೇ, ನೀವು ಸ್ವಲ್ಪ ನಾಜೂಕು" ಎಂದು ನಕ್ಕರು. ಅವಧಿಗೆ ಮುನ್ನ ಬಿಟ್ಟುದಕ್ಕಾಗಿ ಠೇವಣಿಯ ಅರ್ಧ ಹಣ ಹೋಯಿತು. ಹಣದ ಮಾತು ಹಾಗಿರಲಿ. ಆ 'ನಾಜೂಕು' ಎಂಬ ಶಬ್ದವನ್ನು ಎಲ್ಲ ಶ್ವಾಸರೋಗಿಗಳೂ ಕೇಳಿದ್ದಾರೆ. ಕುಂಟುವವನ ಕಾಲು ಕಾಣುತ್ತದೆ, ಕುರುಡನ ಕೋಲು ಕಾಣುತ್ತದೆ. ಉಸಿರಿನ ಊನ ಕಾಣುವುದಿಲ್ಲ. ಕಾಣದ ಊನವನ್ನು ಲೋಕವು ಸ್ವಭಾವದ ದೋಷವೆಂದು ಎಣಿಸುತ್ತದೆ. ಮದುವೆಯ ಮನೆಯಿಂದ ಬೇಗನೆ ಎದ್ದು ಹೋದರೆ ಗರ್ವವೆನ್ನುತ್ತಾರೆ. ಲೋಕಲ್ ಗಾಡಿಯಲ್ಲಿ ಮುಖ ತಿರುಗಿಸಿ ನಿಂತರೆ ತಿರಸ್ಕಾರವೆನ್ನುತ್ತಾರೆ. ಅಪ್ಪಿಕೊಳ್ಳಲು ಬಂದ ಕಾಕಾನಿಂದ ಮಗು ಹಿಂದೆ ಸರಿದರೆ ಸಂಸ್ಕಾರವಿಲ್ಲವೆನ್ನುತ್ತಾರೆ. ಈ ಒಂದೊಂದು ಮಾತಿನಿಂದಲೂ ರೋಗಿ ಸ್ವಲ್ಪ ಸ್ವಲ್ಪವಾಗಿ ಸಮಾಜದಿಂದ ಹಿಂದೆಗೆಯುತ್ತಾನೆ. ದೀರ್ಘರೋಗದ ದೊಡ್ಡ ದುಃಖ ಕೆಮ್ಮಲ್ಲ, ಈ ಒಂಟಿತನ.

ಇದಕ್ಕೆ ಎದುರಾಗಿ ಹೇಳುವ ಮಾತುಗಳೂ ಇವೆ. ಅವನ್ನು ಕೇಳದೆ ಬಿಡುವುದು ನ್ಯಾಯವಲ್ಲ. 'ಈ ನಗರದ ಗಾಳಿಯೆಲ್ಲ ಮೋಟಾರಿನ ಹೊಗೆ, ಕಟ್ಟಡಗಳ ಧೂಳು. ಇದರಲ್ಲಿ ಒಂದು ಬೀಡಿಯ ವಾಸನೆ ಯಾವ ಲೆಕ್ಕ?' ಎಂಬುದು ಮೊದಲನೆಯದು. ತುಂಬಿದ ಮೂಟೆ ಹೊತ್ತವನ ಮೇಲೆ ಇನ್ನೊಂದು ಸೇರು ಹೇರುವುದಕ್ಕೆ ಇದು ಸಮರ್ಥನೆಯೇ? ಬೀದಿಯ ಹೊಗೆಯನ್ನು ನಿಲ್ಲಿಸುವುದು ನನ್ನೊಬ್ಬನ ಕೈಯಲ್ಲಿಲ್ಲ, ನಿಮ್ಮೊಬ್ಬರ ಕೈಯಲ್ಲಿಯೂ ಇಲ್ಲ. ಖೋಲಿಯ ಹೊಗೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ.

'ದಿನವೆಲ್ಲ ದುಡಿದು ದಣಿದ ಬಡವನಿಗೆ ಇರುವುದೊಂದೇ ಸುಖ, ಅದನ್ನೂ ಕಸಿದುಕೊಳ್ಳಬೇಕೆ?' ಎಂಬುದು ಎರಡನೆಯದು. ಈ ಮಾತಿಗೆ ನಾನು ತಲೆಬಾಗುತ್ತೇನೆ. ನಾನು ಹುಟ್ಟಿದುದು ನಿಪ್ಪಾಣಿಯ ಸೀಮೆಯಲ್ಲಿ. ಆ ಸೀಮೆಯ ಹೊಲಗಳಲ್ಲಿ ತಂಬಾಕು ಬೆಳೆಯುತ್ತದೆ. ಮಕ್ಕಳ ಶಾಲೆಯ ಶುಲ್ಕ ಬರುವುದು ಆ ಬೆಳೆಯಿಂದ. ದಕ್ಷಿಣ ಕನ್ನಡದಲ್ಲಿ ಎಷ್ಟೋ ತಾಯಂದಿರು ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಆ ಸೊಪ್ಪಿನ ಧೂಳಿನಿಂದ ಕೆಮ್ಮಿದವರೂ ಅವರೇ. ನಮ್ಮ ನಾಡಿಗೆ ಇದು ಹೊಸ ಪರಿಚಯವೂ ಅಲ್ಲ. ಹದಿನೇಳನೆಯ ಶತಮಾನದ ಆದಿಯಲ್ಲಿ ಅಕ್ಬರನ ರಾಯಭಾರಿಯಾದ ಅಸದ್ ಬೇಗನು ತಂಬಾಕನ್ನು ಮೊದಲು ಕಂಡು ಮೊಗಲರ ಆಸ್ಥಾನಕ್ಕೆ ಒಯ್ದುದು ನಮ್ಮ ವಿಜಾಪುರದಿಂದ. ಬಾದಶಹನು ರುಚಿ ನೋಡಲು ಹೊರಟಾಗ ಅವನ ವೈದ್ಯನು ಆಗಲೇ ಬೇಡವೆಂದನು. ೧೬೧೭ರಲ್ಲಿ ಜಹಾಂಗೀರನು ಅದನ್ನು ನಿಷೇಧಿಸಿಯೂ ನೋಡಿದನು. ಬಾದಶಹನ ಆಜ್ಞೆಯಿಂದ ನಿಲ್ಲದುದು ಒಬ್ಬ ಶಾಲಾಮಾಸ್ತರನ ಲೇಖನದಿಂದ ನಿಲ್ಲುವುದೆಂಬ ಭ್ರಮೆ ನನಗಿಲ್ಲ. ಸೇದುವವನನ್ನು ನಾನು ದ್ವೇಷಿಸುವುದೂ ಇಲ್ಲ. ನಿಕೋಟಿನ್ ಒಮ್ಮೆ ಹಿಡಿದರೆ ಸುಲಭವಾಗಿ ಬಿಡುವ ವಸ್ತುವಲ್ಲ. ಆದರೆ ಒಬ್ಬನ ಸುಖದ ಬೆಲೆಯನ್ನು ಇನ್ನೊಬ್ಬನು ತನ್ನ ಉಸಿರಿನಿಂದ ತೆರಬೇಕೆ ಎಂಬುದು ನನ್ನ ಪ್ರಶ್ನೆ. ಆ ಇನ್ನೊಬ್ಬನು ಬಹುಪಾಲು ಅವನ ಮಗುವೇ, ಅವನ ಹೆಂಡತಿಯೇ, ಅವನಷ್ಟೇ ಬಡವನಾದ ನೆರೆಯವನೇ ಆಗಿರುತ್ತಾನೆ.

'ಕಾನೂನಿದೆಯಲ್ಲ, ಅದು ನೋಡಿಕೊಳ್ಳುತ್ತದೆ' ಎಂಬುದು ಮೂರನೆಯ ಮಾತು. ಕಾನೂನು ಇದೆ, ನಿಜ. ಈ ಮುಂಬಯಿಯ ಮಹಾಪೌರರಾಗಿದ್ದ ಮುರಳಿ ದೇವ್ರಾ ಅವರು ಹೂಡಿದ ಮೊಕದ್ದಮೆಯಲ್ಲಿ, ೨೦೦೧ರ ನವೆಂಬರ್ ೨ರಂದು ಸರ್ವೋಚ್ಚ ನ್ಯಾಯಾಲಯವು ಆಸ್ಪತ್ರೆ, ಶಾಲೆ, ಗ್ರಂಥಾಲಯ, ಕಚೇರಿ, ರೈಲು ಮುಂತಾದೆಡೆಗಳಲ್ಲಿ ಧೂಮಪಾನವನ್ನು ನಿಷೇಧಿಸಿತು. ಸೇದದವನು ಇತರರು ಸೇದುವುದರಿಂದ ಏಕೆ ಕೆಡಬೇಕೆಂಬುದೇ ಅಲ್ಲಿನ ವಿಚಾರದ ತಿರುಳು. ೨೦೦೩ರಲ್ಲಿ ಶಾಸನ ಬಂದಿತು. ೨೦೦೮ರ ಅಕ್ಟೋಬರ್ ೨ರ ಗಾಂಧೀಜಯಂತಿಯಂದು ಸಾರ್ವಜನಿಕ ಸ್ಥಳಗಳ ನಿಯಮಗಳು ಜಾರಿಯಾದವು. ಶಾಲೆಯಿಂದ ನೂರು ಗಜದೊಳಗೆ ತಂಬಾಕನ್ನು ಮಾರಕೂಡದೆಂದೂ ಶಾಸನವಿದೆ. ಇದರಿಂದ ನನ್ನಂತಹವರಿಗೆ ಆದ ಉಪಕಾರ ಅಲ್ಪವಲ್ಲ. ಆದರೆ ಕಾನೂನು ಮನೆಯ ಬಾಗಿಲಲ್ಲಿ ನಿಂತುಬಿಡುತ್ತದೆ. ೨೦೧೬-೧೭ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯಂತೆ ಭಾರತದ ವಯಸ್ಕರಲ್ಲಿ ಶೇಕಡಾ ೩೮.೭ ಮಂದಿ ಮನೆಯಲ್ಲಿಯೇ ಇತರರ ಹೊಗೆಯನ್ನು ಸೇವಿಸುತ್ತಿದ್ದರು. ಇನ್ನು ಅಂಗಿಗೆ ಅಂಟಿದ ಹೊಗೆಗೆ ಯಾವ ಕಾನೂನೂ ಇಲ್ಲ; ಇರಬೇಕೆಂದು ನಾನು ಕೇಳುವುದೂ ಇಲ್ಲ. ಕಾನೂನು ಮುಗಿಯುವಲ್ಲಿ ಸೌಜನ್ಯವು ಆರಂಭವಾಗಬೇಕು. ಹೊಗೆಯ ವಿಷಯದಲ್ಲಿ ನಮಗೆ ಬೇಕಾದ ಸೌಜನ್ಯವೆಂದರೆ, ರೋಗಿಯು ತೊಂದರೆಯಾಗುತ್ತಿದೆಯೆಂದಾಗ ಅವನ ಮಾತನ್ನು ನಂಬುವುದು. ಗೋಡೆಯನ್ನು ಮೂಸಿ ನೋಡಿ ತೀರ್ಪು ಕೊಡುವುದಲ್ಲ.

ಹಾಗಾದರೆ ವಿದ್ಯಾರ್ಥಿಗಳಾದ ನಿಮ್ಮಿಂದ ಆಗುವುದೇನು? ಮನೆಯಲ್ಲಿ ತಂದೆಯವರಿಗೋ ಮಾಮನಿಗೋ ಈ ಅಭ್ಯಾಸವಿದ್ದರೆ ನಾಲ್ಕು ಜನರ ಮುಂದೆ ಅವರನ್ನು ಆಕ್ಷೇಪಿಸಬೇಡಿರಿ. ಊಟವಾಗಿ ಅವರು ಸಮಾಧಾನದಲ್ಲಿರುವಾಗ, "ಅಪ್ಪಾ, ಪುಟ್ಟಿಯ ಕೆಮ್ಮು ನಿಲ್ಲುತ್ತಿಲ್ಲ, ಮನೆಯೊಳಗೂ ಗ್ಯಾಲರಿಯಲ್ಲೂ ಸೇದಬೇಡಿ" ಎಂದು ಕೇಳಿರಿ. ಹೊರಗೆ ಸೇದುವಾಗ ತೊಡಲು ಒಂದು ಅಂಗಿಯನ್ನು ಬೇರೆಯಾಗಿಡಿ. ಒಳಗೆ ಬಂದೊಡನೆ ಅದನ್ನು ಬದಲಿಸಿ, ಕೈ ಮುಖ ತೊಳೆದ ಮೇಲೆಯೇ ಕೂಸನ್ನೆತ್ತಿಕೊಳ್ಳುವಂತೆ ಬೇಡಿಕೊಳ್ಳಿರಿ. ಅಂಬೆಗಾಲಿಡುವ ಮಗು ನೆಲವನ್ನು ಮುಟ್ಟಿದ ಕೈಯನ್ನೇ ಬಾಯಿಗಿಡುತ್ತದೆಂಬುದನ್ನು ನೆನಪಿಸಿರಿ. ಹಾಸಿಗೆ ಹೊದಿಕೆಗಳನ್ನು ಆಗಾಗ ತೊಳೆಯಲಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಲಿ. ವಾಸನೆಯನ್ನು ಮುಚ್ಚಲು ಊದುಬತ್ತಿಯನ್ನೋ ಅತ್ತರನ್ನೋ ಬಳಸುವುದು ಬೇಡ. ಅದು ನೊಂದ ಎದೆಗೆ ಎರಡನೆಯ ಪೆಟ್ಟು. ಇವೆಲ್ಲ ತೊಂದರೆಯನ್ನು ತಗ್ಗಿಸುತ್ತವೆಯೇ ಹೊರತು ನಿವಾರಿಸುವುದಿಲ್ಲ. ನಿವಾರಣೆ ಬಿಡುವುದರಲ್ಲಿದೆ. ಬಿಡಲು ಮನಸ್ಸಿದ್ದೂ ಬಿಡಲಾರದವರಿಗಾಗಿ ಸರ್ಕಾರದ ಉಚಿತ ದೂರವಾಣಿಯೊಂದಿದೆ. ಅದರ ಸಂಖ್ಯೆ ೧೮೦೦-೧೧-೨೩೫೬. ಅಪ್ಪನಿಗೆ ಓದಲು ಬಾರದಿದ್ದರೆ ಸಂಖ್ಯೆಯನ್ನು ಒತ್ತಿಕೊಡುವ ಕೆಲಸ ನಿಮ್ಮದು.

ತರಗತಿಯಲ್ಲಿ ಸಹಪಾಠಿಯೊಬ್ಬನು ಕೆಮ್ಮಿದರೆ ನಗಬೇಡಿರಿ. ಕಿಟಕಿಯ ಪಕ್ಕದ ಜಾಗವನ್ನು ಅವನಿಗೆ ಬಿಟ್ಟುಕೊಡಿರಿ. ಆಟದಲ್ಲಿ ಅವನು ನಡುವೆ ನಿಂತು ಉಸಿರು ತೆಗೆದುಕೊಂಡರೆ ಸೋಗೆಂದು ಎಣಿಸಬೇಡಿರಿ. ಓಟದಲ್ಲಿ ಎಣಿಸಲಿಕ್ಕಾದರೂ, ಗುರುತು ಹಾಕಲಿಕ್ಕಾದರೂ ಅವನನ್ನು ಜೊತೆಗೆ ಕರೆಯಿರಿ. ನಿಮ್ಮಲ್ಲಿಯೇ ಗೂರಲೋ ಬೇರಾವ ಉಸಿರಿನ ಬೇನೆಯೋ ಉಳ್ಳವರಿಗೆ ನನ್ನದೊಂದು ಮಾತುಂಟು. ಪಂಪನ್ನು ಚೀಲದ ತಳದಲ್ಲಿ ಬಚ್ಚಿಡಬೇಡಿರಿ. ಕನ್ನಡಕ ಹಾಕಿಕೊಳ್ಳಲು ನಾಚದವರು ಇದಕ್ಕೇಕೆ ನಾಚಬೇಕು? ಪಕ್ಕದಲ್ಲಿ ಕುಳಿತವರಿಂದ ತೊಂದರೆಯಾದರೆ, "ನನಗೆ ಎದೆಯ ಬೇನೆಯಿದೆ, ಸ್ವಲ್ಪ ಸರಿದು ಕುಳಿತುಕೊಳ್ಳುತ್ತೇನೆ, ತಪ್ಪು ತಿಳಿಯಬೇಡಿ" ಎಂದು ಬಾಯಿಬಿಟ್ಟು ಹೇಳಿರಿ. ಹೇಳಿದಾಗ ಹತ್ತರಲ್ಲಿ ಏಳೆಂಟು ಜನ ತಾವಾಗಿಯೇ ಎದ್ದು ಜಾಗ ಬಿಟ್ಟಿದ್ದಾರೆ. ಇದು ಹದಿನೈದು ವರ್ಷಗಳಿಂದ ನನ್ನ ಅನುಭವ. ಜನರು ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ.

ನಾಳೆ ನಿಮ್ಮಲ್ಲಿ ಕೆಲವರು ಹೋಟೆಲುಗಳಲ್ಲಿ, ಕಾರಖಾನೆಗಳಲ್ಲಿ, ಕಚೇರಿಗಳಲ್ಲಿ ದುಡಿಯುವಿರಿ. ಚಹದ ವಿರಾಮದಲ್ಲಿ ಗೆಳೆಯನೊಬ್ಬನು ಸಿಗರೇಟನ್ನು ಮುಂದೆ ಚಾಚಿ, ಒಂದರಿಂದ ಏನಾಗುತ್ತದೆ ಎಂದು ಕೇಳುವನು. ಅದು ನಿಮ್ಮೊಬ್ಬರ ಎದೆಯ ಪ್ರಶ್ನೆಯಾಗಿದ್ದರೆ ಉತ್ತರ ನಿಮಗೇ ಬಿಟ್ಟದ್ದೆಂದು ನಾನು ಸುಮ್ಮನಿರುತ್ತಿದ್ದೆನೋ ಏನೋ. ನಾವು ಒಂದೇ ನಳದ ನೀರನ್ನು ಸರತಿಯಿಂದ ಹಿಡಿಯುತ್ತೇವೆ. ಒಂದೇ ಮೆಟ್ಟಿಲನ್ನು ಒಬ್ಬರು ಸರಿದು ಇನ್ನೊಬ್ಬರಿಗೆ ಬಿಡುತ್ತೇವೆ. ರಾತ್ರಿ ಪಾಳಿಯಿಂದ ಬಂದು ಮಲಗಿದ ನೆರೆಯವನಿಗಾಗಿ ದನಿ ತಗ್ಗಿಸಿ ಮಾತನಾಡುತ್ತೇವೆ. ಇಕ್ಕಟ್ಟಿನಲ್ಲಿ ಬಾಳುವ ಈ ವಿದ್ಯೆಯನ್ನು ಊರು ಬಿಟ್ಟು ಬಂದ ನಮ್ಮ ಹಿರಿಯರು ಕಷ್ಟಪಟ್ಟು ಕಲಿತು ನಮಗೆ ಕೊಟ್ಟಿದ್ದಾರೆ. ಗಾಳಿಯೂ ಹಾಗೆಯೇ ಹಂಚಿಕೊಳ್ಳಬೇಕಾದ ಪದಾರ್ಥವೆಂಬ ಒಂದು ಪಾಠವನ್ನು ಅದಕ್ಕೆ ಸೇರಿಸುವ ಕೆಲಸ ನಿಮ್ಮ ತಲೆಮಾರಿನದು. ಅದನ್ನು ಇಂದು ರಾತ್ರಿಯೇ, ನಿಮ್ಮ ನಿಮ್ಮ ಖೋಲಿಯಲ್ಲಿ ಆರಂಭಿಸಬಹುದು.